ಕುದುರೆಯ ಜತೆಗೇ ಕೆಲಸ ಮಾಡುವ ಆಸೆಯೇ? ಲಾಯದಿಂದ ಶುರು ಮಾಡಿ: ಒಂದು ಸಮಗ್ರ ಮಾರ್ಗದರ್ಶಿ

ಕುದುರೆ ಅಂದರೆ ಪ್ರಾಣ, ಅದನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವ ಹುಡುಗ ಹುಡುಗಿಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಆದರೆ ಯಾರನ್ನು ಕೇಳಬೇಕು, ಎಲ್ಲಿ ಕಲಿಯಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಈ ಕೆಲಸಗಳಿಗೆ ಪೇಪರಿನಲ್ಲಿ ಜಾಹೀರಾತು ಬರುವುದು ಅಪರೂಪ. ಅಪ್ಪ ಸೈಸ್, ಅಂದರೆ ಲಾಯದಲ್ಲಿ ಕುದುರೆಯ ಆರೈಕೆ ಮಾಡುವವನು, ಆಗಿದ್ದರೆ ಮಗನೂ ಅಲ್ಲೇ ಬೆಳೆಯುತ್ತಾನೆ, ಅಣ್ಣ ತಮ್ಮನನ್ನು ಕರೆದುಕೊಂಡು ಬರುತ್ತಾನೆ. ಹೀಗಾಗಿ ಹೊರಗಿನವರಿಗೆ ಬಾಗಿಲು ಮುಚ್ಚಿದೆ ಅನ್ನಿಸುತ್ತದೆ. ಮುಚ್ಚಿಲ್ಲ. ಎಲ್ಲಿ ತಟ್ಟಬೇಕು ಅಂತ ಗೊತ್ತಿರಬೇಕು, ಅಷ್ಟೇ.

ಕರ್ನಾಟಕದವರಿಗೆ ಒಂದು ಅನುಕೂಲ ಇದೆ. ಬೆಂಗಳೂರು ಮತ್ತು ಮೈಸೂರು, ಎರಡು ಊರಲ್ಲೂ ರೇಸ್ ಕೋರ್ಸ್ ಇದೆ. ಟಿಪ್ಪು ಸುಲ್ತಾನನ ಕಾಲದ ಕುದುರೆಗಳ ಜತೆ ಹೆಸರು ಸೇರಿಕೊಂಡಿರುವ ಕುಣಿಗಲ್‌ ಸ್ಟಡ್ ಫಾರ್ಮ್, ಅಂದರೆ ಕುದುರೆ ತಳಿ ಬೆಳೆಸುವ ಜಾಗ, ತುಮಕೂರು ಜಿಲ್ಲೆಯಲ್ಲಿದೆ. ಬೆಂಗಳೂರಿನ ಸುತ್ತ ರೈಡಿಂಗ್ ಸ್ಕೂಲ್‌ಗಳಿವೆ. ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ದೇಶದ ಬೇರೆ ಎಷ್ಟೋ ರಾಜ್ಯಗಳಲ್ಲಿ ಇದರ ಅರ್ಧವೂ ಸಿಗುವುದಿಲ್ಲ.

ಹಂತ 1: ಮೊದಲು ಯಾವ ಕೆಲಸ ಅಂತ ತೀರ್ಮಾನಿಸಿ

ಕುದುರೆ ಕೆಲಸ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಸವಾರಿ. ಆದರೆ ಬೆನ್ನ ಮೇಲೆ ಕೂತು ಸಂಬಳ ತೆಗೆದುಕೊಳ್ಳುವವರು ಕೆಲವೇ ಜನ. ಒಂದು ಕುದುರೆ ಎರಡು ನಿಮಿಷ ಓಡಬೇಕಾದರೆ ಅದರ ಹಿಂದೆ ಸೈಸ್, ಬೆಳಗಿನ ಓಟಕ್ಕೆ ಕುದುರೆ ಏರುವ ರೈಡಿಂಗ್ ಬಾಯ್, ಲಾಳ ಹೊಡೆಯುವವರು, ಡಾಕ್ಟರ್, ಅಸಿಸ್ಟೆಂಟ್ ಟ್ರೇನರ್, ಟ್ರೇನರ್ ಎಲ್ಲರೂ ತಿಂಗಳುಗಟ್ಟಲೆ ದುಡಿದಿರುತ್ತಾರೆ. ಕೆಲಸ ಜಾಸ್ತಿ ಇರುವುದು ನೆಲದ ಮೇಲೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ದಾರಿ ಸುಲಭ.

ನಿಮ್ಮ ವಯಸ್ಸು, ತೂಕ, ಓದು, ಕೈಯಲ್ಲಿರುವ ಹಣ, ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಗುರ ಮೈ, ಚಿಕ್ಕ ವಯಸ್ಸು ಇದ್ದರೆ ಜಾಕಿ, ಅಂದರೆ ರೇಸ್ ಸವಾರ, ಆಗುವ ದಾರಿ ಇದೆ. ಪಿಯುಸಿಯಲ್ಲಿ ಬಯಾಲಜಿ ಓದಿದ್ದರೆ ಪಶುವೈದ್ಯಕೀಯ. ಓದು ಕಡಿಮೆ, ದುಡಿಯುವ ಮನಸ್ಸಿದೆ ಅಂದರೆ ರೇಸ್ ಲಾಯ, ಸ್ಟಡ್ ಫಾರ್ಮ್, ಲಾಳದ ಕೆಲಸ. ಮಕ್ಕಳ ಜತೆ ಚೆನ್ನಾಗಿ ಬೆರೆಯುವವರಾದರೆ ರೈಡಿಂಗ್ ಸ್ಕೂಲ್‌ನಲ್ಲಿ ಕಲಿಸುವ ಕೆಲಸ. ಹೆಣ್ಣುಮಕ್ಕಳಿಗೆ ಇವತ್ತು ಎಲ್ಲ ಕಡೆಗೂ ದಾರಿ ಇದೆ. ರೂಪಾ ಸಿಂಗ್ ಚೆನ್ನೈನಿಂದ ಬಂದು ದೇಶದ ಮೊದಲ ವೃತ್ತಿಪರ ಮಹಿಳಾ ಜಾಕಿಗಳಲ್ಲಿ ಒಬ್ಬರಾದರು. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ (ಸವಾರನ ಸನ್ನೆಗೆ ತಕ್ಕಂತೆ ಕುದುರೆ ಹೆಜ್ಜೆ ಹಾಕುವ ಸ್ಪರ್ಧೆ) ಚಿನ್ನ ಗೆದ್ದ ಭಾರತದ ನಾಲ್ವರಲ್ಲಿ ಸುದೀಪ್ತಿ ಹಜೇಲಾ ಮತ್ತು ದಿವ್ಯಾಕೃತಿ ಸಿಂಗ್ ಇಬ್ಬರು ಹೆಣ್ಣುಮಕ್ಕಳು.

ಹಂತ 2: ಸವಾರಿಗಿಂತ ಮೊದಲು ಆರೈಕೆ ಕಲಿಯಿರಿ

ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಅದು ಇದೇ ಆಗಿರಲಿ. ಕುದುರೆ ಓಡಿಸಲು ಬರುತ್ತದೆ ಎಂದು ಹೇಳಿಕೊಂಡು ಬರುವವರು ಬೇಕಾದಷ್ಟು ಜನ. ಕುದುರೆಯನ್ನು ಬೆಳಿಗ್ಗೆ ನೋಡಿದ ಕೂಡಲೇ "ಇವತ್ತು ಇದಕ್ಕೆ ಹುಷಾರಿಲ್ಲ" ಎಂದು ಹೇಳಬಲ್ಲವರು ಕಡಿಮೆ. ಅಂಥವರನ್ನು ಯಾವ ಟ್ರೇನರೂ ಕಳೆದುಕೊಳ್ಳಲು ಇಷ್ಟಪಡುವುದಿಲ್ಲ.

ಹತ್ತಿರ ಹೋಗುವುದನ್ನೇ ಮೊದಲು ಕಲಿಯಿರಿ. ಕುದುರೆಯ ಕಣ್ಣು ತಲೆಯ ಎರಡೂ ಪಕ್ಕದಲ್ಲಿವೆ. ಮೂತಿಯ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಮೆಲ್ಲಗೆ ಮಾತನಾಡುತ್ತಾ ಎಡ ಹೆಗಲಿನ ಕಡೆಯಿಂದ ಹೋಗಬೇಕು. ಕಿವಿ ಹಿಂದಕ್ಕೆ ಒತ್ತಿಕೊಂಡಿದ್ದರೆ ಅಲ್ಲೇ ನಿಲ್ಲಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಮಡಚಿ ಹಿಡಿಯಿರಿ. ಕುದುರೆ ಬೆದರಿ ಓಡಿದರೆ ಸುತ್ತಿದ ಹಗ್ಗ ಬೆರಳನ್ನೇ ಕಿತ್ತುಕೊಂಡು ಹೋಗುತ್ತದೆ. ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ.

ಆಮೇಲೆ ಗೊರಸು. ಎಡಗಡೆಯ ಮುಂಗಾಲಿನಿಂದ ಶುರು ಮಾಡಿ. ಕುದುರೆಯ ಬಾಲದ ಕಡೆ ಮುಖ ಮಾಡಿ, ಹೆಗಲಿಗೆ ಅಂಟಿಕೊಂಡು ನಿಲ್ಲಿ. ಅಂಗೈಯನ್ನು ಹೆಗಲಿಂದ ಕೆಳಗೆ ಸವರಿಕೊಂಡು ಹೋಗಿ, ಕಾಲಿನ ಹಿಂದಿನ ನರವನ್ನು ಮೆಲ್ಲಗೆ ಒತ್ತಿ. ಪಳಗಿದ ಕುದುರೆ ಕಾಲು ಎತ್ತಿಕೊಡುತ್ತದೆ. ಗೊರಸನ್ನು ಒಂದು ಕೈಯಲ್ಲಿ ಹಿಡಿದು, ಕೊಕ್ಕೆಯಿಂದ ಹಿಮ್ಮಡಿಯಿಂದ ತುದಿಯ ಕಡೆಗೆ ಕೊಳೆ ತೆಗೆಯಿರಿ. ನಡುವೆ ಮೂರು ಮೂಲೆಯ ಮೆತ್ತನೆಯ ಭಾಗ ಕಾಣುತ್ತದೆ. ಅದರ ಎರಡೂ ಪಕ್ಕದ ಸಂದಿನಲ್ಲಿ ಲದ್ದಿ, ಕಲ್ಲು ಸಿಕ್ಕಿಕೊಂಡಿರುತ್ತದೆ. ಆ ಮೆತ್ತನೆಯ ಭಾಗಕ್ಕೆ ಮಾತ್ರ ಕೊಕ್ಕೆ ಚುಚ್ಚಬಾರದು. ಕೆಟ್ಟ ವಾಸನೆ, ಕಪ್ಪು ನೀರು ಕಂಡರೆ ಗೊರಸು ಕೊಳೆಯಲು ಶುರುವಾಗಿದೆ ಅಂತ ಅರ್ಥ, ಕೂಡಲೇ ಹೇಳಿ. ಒಂದು ಗೊರಸು ಇನ್ನೊಂದಕ್ಕಿಂತ ಬಿಸಿಯಾಗಿದ್ದರೂ ಹೇಳಿ. ಇಷ್ಟನ್ನು ನಿಧಾನವಾಗಿ, ಹೆದರದೆ ನಾಲ್ಕೂ ಕಾಲಿಗೆ ಮಾಡಿದರೆ ಸಾಕು, ನೋಡುತ್ತಾ ನಿಂತ ಹೆಡ್ ಸೈಸ್‌ಗೆ ನಿಮ್ಮ ಕೈ ಎಂಥದ್ದು ಅಂತ ತಿಳಿದುಹೋಗುತ್ತದೆ.

ಕೆಲವು ಅಂಕಿಗಳನ್ನು ಬಾಯಿಪಾಠ ಮಾಡಿಕೊಳ್ಳಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ಮೈಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ನಾಡಿ ನಿಮಿಷಕ್ಕೆ 28ರಿಂದ 44. ಉಸಿರು ನಿಮಿಷಕ್ಕೆ 8ರಿಂದ 16. ದಿನಕ್ಕೆ ತನ್ನ ತೂಕದ ಶೇ. 1.5ರಿಂದ 2ರಷ್ಟು ಒಣ ಮೇವು ಬೇಕು, ನೀರು ಸುಮಾರು 25ರಿಂದ 50 ಲೀಟರ್. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಅದಕ್ಕೇ ಹೊಟ್ಟೆನೋವು, ಅಂದರೆ ಕಾಲಿಕ್, ಅದರ ಪ್ರಾಣಕ್ಕೇ ಬರುತ್ತದೆ. ನೆಲ ಕೆರೆಯುವುದು, ತಿರುಗಿ ತಿರುಗಿ ಹೊಟ್ಟೆಯ ಕಡೆ ನೋಡುವುದು, ಬಿದ್ದು ಹೊರಳಾಡುವುದು, ಲದ್ದಿ ಹಾಕದೆ ಇರುವುದು, ಇವು ಲಕ್ಷಣ. ರಾತ್ರಿ ಎರಡು ಗಂಟೆಯಾದರೂ ಡಾಕ್ಟರನ್ನು ಎಬ್ಬಿಸಬೇಕು. ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ.

ಹಂತ 3: ಕಡಿಮೆ ಖರ್ಚಿನಲ್ಲಿ ಕಲಿಯುವ ಜಾಗಗಳು

ವಿದ್ಯಾರ್ಥಿಯಾಗಿದ್ದರೆ ಮೊದಲು ಎನ್‌ಸಿಸಿ ನೋಡಿ. ಎನ್‌ಸಿಸಿಯಲ್ಲಿ ರಿಮೌಂಟ್ ಅಂಡ್ ವೆಟರ್ನರಿ ಅಂತ, ಕುದುರೆ ಮತ್ತು ಪಶುವೈದ್ಯಕ್ಕೆ ಸೇರಿದ, ಒಂದು ವಿಭಾಗವೇ ಇದೆ. ಅದರ ಕರ್ನಾಟಕ ಸ್ಕ್ವಾಡ್ರನ್ ಇರುವುದು ಹೆಬ್ಬಾಳದಲ್ಲಿ. ಸವಾರಿ, ಕುದುರೆ ಆರೈಕೆ ಎರಡನ್ನೂ ಸೈನ್ಯದ ಶಿಸ್ತಿನಲ್ಲಿ ಕಲಿಸುತ್ತಾರೆ. ಖಾಸಗಿ ಸ್ಕೂಲ್‌ನಲ್ಲಿ ಇಷ್ಟು ಕಲಿಯಲು ಎಷ್ಟು ಸುರಿಯಬೇಕು ಯೋಚಿಸಿ. ನಿಮ್ಮ ಕಾಲೇಜಿನವರಿಗೆ ಸೇರಲು ಅವಕಾಶ ಇದೆಯಾ ಎಂದು ಜೂನ್, ಜುಲೈನಲ್ಲೇ ವಿಚಾರಿಸಿ. ಸೀಟು ಕಡಿಮೆ. ಮುಂದೆ ಎನ್‌ಸಿಸಿಯ ಕೊನೆಯ ಹಂತದ 'ಸಿ' ಸರ್ಟಿಫಿಕೇಟ್ ಸೈನ್ಯದ ನೇಮಕಾತಿಯಲ್ಲೂ ನೆರವಿಗೆ ಬರುತ್ತದೆ.

ಇನ್ನೊಂದು ದಾರಿ, ರೈಡಿಂಗ್ ಸ್ಕೂಲ್‌ನಲ್ಲಿ ದುಡಿಯುತ್ತಾ ಕಲಿಯುವುದು. ಬೆಂಗಳೂರಿನ ಉತ್ತರಕ್ಕಿರುವ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ ದೊಡ್ಡದು, ರಾಷ್ಟ್ರ ಮಟ್ಟದ ಸ್ಪರ್ಧೆಗಳೂ ಅಲ್ಲಿ ನಡೆಯುತ್ತವೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನ ಫೈನಲ್‌ವರೆಗೂ ಹೋದ ಫವಾದ್ ಮಿರ್ಜಾ ಬೆಂಗಳೂರಿನವರೇ. ಅವರ ತಂದೆ ಕುದುರೆ ಡಾಕ್ಟರ್. ಮಗ ಬೆಳೆದದ್ದೇ ಕುದುರೆಗಳ ನಡುವೆ.

ಸ್ಪರ್ಧೆ ನಡೆಯುವ ವಾರ ಎಲ್ಲ ಸ್ಕೂಲ್‌ಗಳಿಗೂ ಕೈಗಳು ಸಾಲುವುದಿಲ್ಲ. ಅಡೆತಡೆಯ ಕಂಬ ಎತ್ತಿಡಬೇಕು, ಕುದುರೆಗಳನ್ನು ತಿರುಗಾಡಿಸಬೇಕು, ನೀರು ಕೊಡಬೇಕು. ಆಗ ಹೋಗಿ "ನಾನು ಬರುತ್ತೇನೆ" ಎಂದು ಕೇಳಿ. ಒಂದು ವಾರ ನಿಮ್ಮ ಕೆಲಸ ನೋಡಿದವರು ಮುಂದೆ ಕೆಲಸ ಖಾಲಿಯಾದಾಗ ನಿಮ್ಮನ್ನೇ ನೆನಪಿಸಿಕೊಳ್ಳುತ್ತಾರೆ. ಸ್ಪರ್ಧೆಗಳ ಪಟ್ಟಿ ದೆಹಲಿಯ ಇಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾ ಹೊರಡಿಸುತ್ತದೆ. ಈ ಆಟ ಬೆಳೆದಷ್ಟೂ ಆರೈಕೆ ಮಾಡುವವರ ಬೇಡಿಕೆಯೂ ಬೆಳೆಯುತ್ತದೆ.

ಹಂತ 4: ರೇಸ್ ಲಾಯದಲ್ಲಿ ಕೆಲಸ ಕೇಳುವುದು ಹೇಗೆ

ಲಾಯದ ದಿನ ಬೆಳಕಾಗುವ ಮೊದಲೇ ಶುರುವಾಗುತ್ತದೆ. ಕತ್ತಲಲ್ಲೇ ಲದ್ದಿ ತೆಗೆದು, ಕುದುರೆಗೆ ಜೀನು ಬಿಗಿದು ಟ್ರ್ಯಾಕ್‌ಗೆ ಕಳಿಸುತ್ತಾರೆ. ಓಟ ಮುಗಿಸಿ ಬಂದ ಮೇಲೆ ತಿರುಗಾಡಿಸಿ ಬೆವರು ಆರಿಸುವುದು, ತೊಳೆಯುವುದು, ಮಾಲೀಸು, ಮೇವು. ಒಂಬತ್ತು, ಹತ್ತರ ಹೊತ್ತಿಗೆ ಉಸಿರು ಬಿಡಲು ಸಮಯ ಸಿಗುತ್ತದೆ. ಮತ್ತೆ ಮಧ್ಯಾಹ್ನ ಮೂರರ ನಂತರ ಕೆಲಸ. ಆದ್ದರಿಂದ ಕೆಲಸ ಕೇಳಲು ಹತ್ತೂವರೆ ಹನ್ನೊಂದರ ಹೊತ್ತಿಗೆ ಹೋಗಿ. ಬೆಳಿಗ್ಗೆ ಆರಕ್ಕೆ ಹೋಗಿ ನಿಂತರೆ ಅಡ್ಡ ಬಂದಂತೆ, ನಿಮ್ಮ ಮಾತು ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

ಲಾಯದ ಒಳಗೆ ಪಾಸ್ ಇಲ್ಲದೆ ಬಿಡುವುದಿಲ್ಲ. ಜೂಜಿನ ಹಣ ಓಡಾಡುವ ಜಾಗ, ಹೊರಗಿನವರು ಕುದುರೆಯ ಹತ್ತಿರ ಸುಳಿಯಬಾರದು ಎಂಬ ಕಟ್ಟುನಿಟ್ಟು ಸರಿಯಾದದ್ದೇ. ಗೇಟಿನಲ್ಲಿ ಟ್ರೇನರ್ ಹೆಸರು ಹೇಳಿ, ಅವರ ಕಡೆಯವರನ್ನು ನೋಡಬೇಕು ಅನ್ನಿ. ಕ್ಲಬ್‌ನಲ್ಲಿ ಲೈಸೆನ್ಸ್ ಪಡೆದ ಟ್ರೇನರ್‌ಗಳ ಹೆಸರು ರೇಸ್ ಕಾರ್ಡ್‌ನಲ್ಲೇ, ಅಂದರೆ ಆ ದಿನದ ಓಟಗಳ ಪಟ್ಟಿಯಲ್ಲೇ, ಸಿಗುತ್ತವೆ. ಜಾಸ್ತಿ ಕುದುರೆ ಇರುವವರನ್ನು ಮೊದಲು ಕೇಳಿ.

ಏನು ಹೇಳಬೇಕು? ಸುಮ್ನೆ "ಯಾವುದಾದರೂ ಕೆಲಸ ಕೊಡಿ ಸಾರ್" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಹೇಳಿ ನೋಡಿ: "ಸಾರ್, ನನಗೆ ಹತ್ತೊಂಬತ್ತು ವರ್ಷ. ಮನೆಯಲ್ಲಿ ದನ, ಎತ್ತು ನೋಡಿಕೊಂಡು ಗೊತ್ತು. ಕುದುರೆಗೆ ಮೈ ಉಜ್ಜುವುದು, ಗೊರಸು ತೆಗೆಯುವುದು ಬರುತ್ತದೆ. ಸವಾರಿ ಬರುವುದಿಲ್ಲ. ನಾಲ್ಕು ದಿನ ನೋಡಿ, ಸರಿ ಅನ್ನಿಸಿದರೆ ಇಟ್ಟುಕೊಳ್ಳಿ." ಬರದೇ ಇರುವುದನ್ನು ಬರುತ್ತದೆ ಅನ್ನಬೇಡಿ. ಐನೂರು ಕೆಜಿ ಪ್ರಾಣಿಯ ಮುಂದೆ ಸುಳ್ಳು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಪೆಟ್ಟೂ ನಿಮಗೇ. ಒಳಗೆ ಹೋದ ಮೇಲೆ ಹೆಡ್ ಸೈಸ್‌ಗೆ ಟ್ರೇನರ್‌ಗೆ ಕೊಟ್ಟಷ್ಟೇ ಮರ್ಯಾದೆ ಕೊಡಿ. ನಿಮಗೆ ನಿಜವಾಗಿ ಕಲಿಸುವವರು ಅವರು. ಅಲ್ಲಿ ಹಿಂದಿ, ಉರ್ದು, ಕನ್ನಡ, ತಮಿಳು ಎಲ್ಲ ಕಲಸಿಹೋಗಿರುತ್ತವೆ, ಸ್ವಲ್ಪ ಹಿಂದಿ ಬಂದರೆ ಬಹಳ ಅನುಕೂಲ.

ಸೀಸನ್ ನೋಡಿಕೊಂಡು ಹೋಗಿ. ಬೆಂಗಳೂರಿನ ಬೇಸಿಗೆ ಸೀಸನ್ ಮೇ ಸುಮಾರಿಗೆ, ಚಳಿಗಾಲದ್ದು ನವೆಂಬರ್ ಸುಮಾರಿಗೆ ಶುರುವಾಗುತ್ತದೆ. ನಡುವೆ ಮೈಸೂರಿನ ಸೀಸನ್. ಶುರುವಾಗುವ ಒಂದೆರಡು ತಿಂಗಳು ಮೊದಲು ಲಾಯಗಳು ತುಂಬುತ್ತವೆ, ಕೆಲಸದವರ ಹುಡುಕಾಟ ಆಗಲೇ ನಡೆಯುತ್ತದೆ.

ಒಂದು ಮಾತು ಬಿಚ್ಚಿ ಹೇಳಬೇಕು. ರೇಸ್ ಉದ್ಯಮ ಈಗ ಗಟ್ಟಿ ನೆಲದ ಮೇಲಿಲ್ಲ. ಬೆಂಗಳೂರಿನ ರೇಸ್ ಕೋರ್ಸ್ ಸ್ಥಳಾಂತರದ ಮಾತು ವರ್ಷಗಳಿಂದ ನಡೆದಿದೆ. ಚೆನ್ನೈನ ಗಿಂಡಿ ರೇಸ್ ಕೋರ್ಸ್ ಗುತ್ತಿಗೆಯನ್ನು ತಮಿಳುನಾಡು ಸರ್ಕಾರ 2024ರಲ್ಲಿ ರದ್ದು ಮಾಡಿತು. ಬೆಟ್ಟಿಂಗ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್‌ನಲ್ಲಿ ಶೇ. 28ರಿಂದ 40ಕ್ಕೆ ಏರಿತು. ಇದರ ಬಿಸಿ ಮೊದಲು ತಟ್ಟುವುದು ಸೈಸ್‌ಗಳಿಗೆ. ಹಾಗಂತ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಕುದುರೆಯನ್ನು ಓದುವುದನ್ನು ಇಷ್ಟು ಬೇಗ ಕಲಿಸುವ ಜಾಗ ಬೇರೆ ಇಲ್ಲ. ಆದರೆ ಅಲ್ಲಿ ಕಲಿತದ್ದು ಸ್ಟಡ್ ಫಾರ್ಮ್, ರೈಡಿಂಗ್ ಸ್ಕೂಲ್, ಆಸ್ಪತ್ರೆ ಎಲ್ಲ ಕಡೆ ನಡೆಯುವಂತೆ ಕೈಯನ್ನು ಬೆಳೆಸಿಕೊಳ್ಳಿ.

ಹಂತ 5: ಜಾಕಿ ಆಗಬೇಕಾದರೆ

ಇಲ್ಲಿ ಮೈತೂಕವೇ ಮೊದಲ ಪರೀಕ್ಷೆ. ಕುದುರೆ ಹೊರಬೇಕಾದ ತೂಕವನ್ನು ಪ್ರತಿ ರೇಸ್‌ಗೂ ಗೊತ್ತುಮಾಡಿರುತ್ತಾರೆ, ಅದರಲ್ಲಿ ಜೀನಿನ ತೂಕವೂ ಸೇರುತ್ತದೆ. ಹಾಗಾಗಿ ಐವತ್ತು ಕೆಜಿಯ ಆಸುಪಾಸಿನಲ್ಲಿ ಆರೋಗ್ಯವಾಗಿ ಇರಬಲ್ಲ ಮೈಕಟ್ಟು ಬೇಕು. ಅಪ್ಪ ಅಮ್ಮ ಇಬ್ಬರೂ ಎತ್ತರದವರಾಗಿದ್ದರೆ, ಹದಿನಾರಕ್ಕೆ ಹಗುರ ಇದ್ದ ಹುಡುಗ ಇಪ್ಪತ್ತಕ್ಕೆ ಹಾಗೇ ಇರುತ್ತಾನೆ ಎಂಬ ಭರವಸೆ ಇಲ್ಲ. ಉಪವಾಸ ಬಿದ್ದು ತೂಕ ಇಳಿಸುವ ದಾರಿಗೆ ದಯವಿಟ್ಟು ಹೋಗಬೇಡಿ.

ಬೆಂಗಳೂರಿನ ರೇಸ್ ನಡೆಸುವ ಬೆಂಗಳೂರು ಟರ್ಫ್ ಕ್ಲಬ್‌ನಲ್ಲಿ ಅಪ್ರೆಂಟಿಸ್, ಅಂದರೆ ಇನ್ನೂ ಕಲಿಯುತ್ತಿರುವ, ಜಾಕಿಗಳ ತರಬೇತಿ ಶಾಲೆ ಇದೆ. ಹೈದರಾಬಾದ್, ಪುಣೆಯಲ್ಲೂ ಇಂಥ ತರಬೇತಿ ಇದೆ. ವಯಸ್ಸು, ತೂಕ, ಓದಿನ ನಿಯಮ ಆಗಾಗ ಬದಲಾಗುತ್ತವೆ, ನೇರವಾಗಿ ಕ್ಲಬ್ ಕಚೇರಿಯಲ್ಲೇ ಕೇಳಿ. ಎಸ್‌ಎಸ್‌ಎಲ್‌ಸಿ ಮುಗಿಸದೆ ಯಾರೂ ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿದ್ದು ಮೂಳೆ ಮುರಿದರೆ ಕೈಯಲ್ಲಿ ಇನ್ನೊಂದು ದಾರಿ ಇರಬೇಕಲ್ವಾ? ಹೊಸ ಜಾಕಿಗಳಿಗೆ ಕೆಲವು ಗೆಲುವುಗಳವರೆಗೆ ತೂಕದಲ್ಲಿ ರಿಯಾಯಿತಿ ಸಿಗುತ್ತದೆ, ಅಂದರೆ ಅವರ ಕುದುರೆ ಕಡಿಮೆ ಭಾರ ಹೊತ್ತರೆ ಸಾಕು. ಅದಕ್ಕೇ ಟ್ರೇನರ್‌ಗಳು ಅವರಿಗೂ ಸವಾರಿ ಕೊಡುತ್ತಾರೆ. ಸಂಪಾದನೆ ಬರುವುದು ಪ್ರತಿ ಸವಾರಿಯ ಫೀಸು ಮತ್ತು ಗೆದ್ದ ಹಣದ ಪಾಲಿನಿಂದ. ಜಾಕಿ ಆಗಿದ್ದವರು ಮುಂದೆ ಟ್ರೇನರ್ ಆಗುವುದು ಇಲ್ಲಿನ ರೂಢಿ. ಪೇಸಿ ಶ್ರಾಫ್ ಹಾಗೆ ಎರಡೂ ಕಡೆ ಮೇಲಕ್ಕೆ ಬಂದವರು. ಜಾಕಿಯಾಗಲು ತೂಕ ಬಿಡದಿದ್ದರೆ ರೈಡಿಂಗ್ ಬಾಯ್ ಆಗಿ ಬೆಳಗಿನ ಓಟಗಳಿಗೆ ಕುದುರೆ ಏರಬಹುದು.

ಹಂತ 6: ಸ್ಟಡ್ ಫಾರ್ಮ್ ಮತ್ತು ಲಾಳದ ಕೆಲಸ

ಇವೆರಡನ್ನೂ ಜನ ಮರೆತೇಬಿಡುತ್ತಾರೆ. ಹೆಣ್ಣು ಕುದುರೆ ಸುಮಾರು ಹನ್ನೊಂದು ತಿಂಗಳು ಗಬ್ಬವಿರುತ್ತದೆ. ರೇಸ್ ಕುದುರೆಗಳ ವಯಸ್ಸನ್ನು ನಮ್ಮ ದೇಶದಲ್ಲಿ ಜನವರಿ 1ರಿಂದ ಲೆಕ್ಕ ಹಾಕುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿಗೆ ಕೆಲವೇ ದಿನದಲ್ಲಿ ಒಂದು ವರ್ಷ ತುಂಬಿಬಿಡುತ್ತದೆ! ಆದ್ದರಿಂದ ಫಾರ್ಮ್‌ಗಳು ಮರಿಗಳು ವರ್ಷದ ಮೊದಲ ತಿಂಗಳುಗಳಲ್ಲೇ ಹುಟ್ಟುವಂತೆ ನೋಡಿಕೊಳ್ಳುತ್ತವೆ. ಕುದುರೆಗಳು ಈಯುವುದು ಹೆಚ್ಚಾಗಿ ರಾತ್ರಿ. ಆ ತಿಂಗಳುಗಳಲ್ಲಿ ರಾತ್ರಿ ಕಾವಲಿಗೆ ಎಚ್ಚರದ ಜನ ಬೇಕೇ ಬೇಕು. ನವೆಂಬರ್‌ನಲ್ಲೇ ಹೋಗಿ ಕೇಳಿ. ಊರ ಕಡೆ ಹಸು ಈಯಿಸಿದ ಅನುಭವ ಇದ್ದರೆ ಅದನ್ನು ಹೇಳಿಕೊಳ್ಳಿ, ಅದಕ್ಕೆ ಬೆಲೆ ಇದೆ. ಹುಟ್ಟಿದ ಮರಿಯನ್ನು ಮೊದಲ ದಿನದಿಂದ ಮುಟ್ಟಿ ಪಳಗಿಸುವ ಕೆಲಸ ನನ್ನ ಕಣ್ಣಿಗೆ ಈ ಉದ್ಯಮದಲ್ಲೇ ಅತಿ ಚೆಂದದ್ದು.

ಲಾಳದ ಕೆಲಸಕ್ಕೆ ಬೇಡಿಕೆ ತಪ್ಪುವುದಿಲ್ಲ. ನಾಲ್ಕರಿಂದ ಆರು ವಾರಕ್ಕೊಮ್ಮೆ ಪ್ರತಿ ಕುದುರೆಗೂ ಗೊರಸು ಕತ್ತರಿಸಿ ಹೊಸ ಲಾಳ ಹೊಡೆಯಬೇಕು. ರೇಸ್ ಕುದುರೆಗೆ ಹಗುರವಾದ ಅಲ್ಯುಮಿನಿಯಂ ಲಾಳ. ಮೊಳೆ ಒಂದು ಎಳೆಯಷ್ಟು ಒಳಗೆ ಹೋದರೂ ಕುದುರೆ ಕುಂಟುತ್ತದೆ. ಅನುಭವಿಗಳ ಕೈಕೆಳಗೆ ವರ್ಷಗಟ್ಟಲೆ ನಿಂತೇ ಇದನ್ನು ಕಲಿಯಬೇಕು. ಬ್ರೂಕ್ ಇಂಡಿಯಾದಂಥ ಸಂಸ್ಥೆ ದುಡಿಯುವ ಕುದುರೆ, ಕತ್ತೆಗಳಿಗಾಗಿ ಊರೂರ ಲಾಳದವರಿಗೆ ತರಬೇತಿ ಕೊಡುತ್ತದೆ. ಕಮ್ಮಾರಿಕೆ ಗೊತ್ತಿರುವ ಮನೆಯ ಮಕ್ಕಳು ಈ ಕಡೆ ನೋಡಬೇಕು. ಕೈ ಕುದುರಿದರೆ ಯಾರ ಸಂಬಳಕ್ಕೂ ಕಾಯದೆ ಸ್ವಂತವಾಗಿ ಬದುಕಬಹುದು.

ಹಂತ 7: ಓದಿನ ದಾರಿ, ಸಮವಸ್ತ್ರದ ದಾರಿ

ಪಶುವೈದ್ಯರಾಗಲು ಓದುವ ಬಿವಿಎಸ್‌ಸಿ ಕೋರ್ಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗ ಮೊದಲಾದ ಕಡೆ ಕಾಲೇಜುಗಳಿವೆ. ಕೋರ್ಸ್‌ನಲ್ಲಿ ಹಸು, ಎಮ್ಮೆ, ಕೋಳಿಯ ಪಾಠವೇ ಜಾಸ್ತಿ. ಕುದುರೆ ಡಾಕ್ಟರ್ ಆಗಬೇಕಾದರೆ ರಜೆಯಲ್ಲಿ ರೇಸ್ ಕ್ಲಬ್ ಅಥವಾ ಸ್ಟಡ್ ಫಾರ್ಮ್ ಡಾಕ್ಟರ್ ಹಿಂದೆ ಓಡಾಡಲೇಬೇಕು. ಕುದುರೆಗಳ ಸಂಶೋಧನೆಗೇ ಮೀಸಲಾದ ರಾಷ್ಟ್ರೀಯ ಕೇಂದ್ರ ಹರಿಯಾಣದ ಹಿಸಾರ್‌ನಲ್ಲಿದೆ, ಬಿಕಾನೇರ್‌ನಲ್ಲಿ ಅದರ ಶಾಖೆ. ಡಿಗ್ರಿ ಬೇಡ ಅಂದರೆ ಪಶುಸಂಗೋಪನಾ ಡಿಪ್ಲೊಮಾ ಇದೆ.

ಸೈನ್ಯದ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ವೆಟರ್ನರಿ ಕೋರ್‌ನ ಕೇಂದ್ರ ಇರುವುದು ಮೀರತ್‌ನಲ್ಲಿ. ಬಿವಿಎಸ್‌ಸಿ ಮುಗಿಸಿದವರಿಗೆ ಶಾರ್ಟ್ ಸರ್ವಿಸ್ ಕಮಿಷನ್ (ಕೆಲವು ವರ್ಷಗಳ ಸೇವೆ) ಮೂಲಕ ಅಧಿಕಾರಿ ಹುದ್ದೆ, ಪಿಯುಸಿ ವಿಜ್ಞಾನ ಓದಿದವರಿಗೆ ನರ್ಸಿಂಗ್ ಅಸಿಸ್ಟೆಂಟ್ ವೆಟರ್ನರಿ ಹುದ್ದೆ ಇದೆ. ಜೈಪುರದ 61ನೇ ಕ್ಯಾವಲ್ರಿ ಇವತ್ತಿಗೂ ಕುದುರೆ ದಳವಾಗಿಯೇ ಉಳಿದಿದೆ. ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು, ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲ್‌ನ ಹೈಫಾದಲ್ಲಿ ಕುದುರೆ ಏರಿ ಕಾದಾಡಿತ್ತು. ಮೈಸೂರಿನ ಅಶ್ವಾರೋಹಿ ದಳ ಸೇರಬೇಕಾದರೆ ಮೊದಲು ಪೊಲೀಸ್ ನೇಮಕಾತಿ ಗೆಲ್ಲಬೇಕು. ದಸರಾ ಮೆರವಣಿಗೆಯಲ್ಲಿ ನೀವು ನೋಡುವ ಕುದುರೆಗಳು ಅವರವೇ.

ಹಂತ 8: ಕೆಲಸಕ್ಕೆ ಒಪ್ಪುವ ಮೊದಲು

ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಳ್ಳುವವರು ಕ್ಲಬ್ಬೋ, ಟ್ರೇನರೋ, ಮಾಲೀಕರೋ? ಇದನ್ನು ಮೊದಲೇ ಕೇಳಿ. ಒದೆ ತಿಂದು ಮಲಗಿದಾಗ ಆಸ್ಪತ್ರೆ ಖರ್ಚು ಯಾರದು ಅನ್ನುವುದು ಇದರ ಮೇಲೆ ನಿಲ್ಲುತ್ತದೆ. ರೇಸ್ ಕ್ಲಬ್‌ಗಳಿಗೂ ಇಎಸ್‌ಐ, ಅಂದರೆ ನೌಕರರ ವಿಮೆಯ, ಕಾಯ್ದೆ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ, ಬೆಂಗಳೂರು ಟರ್ಫ್ ಕ್ಲಬ್‌ನ ಪ್ರಕರಣದಲ್ಲೇ ಹೇಳಿದೆ. ತಿಂಗಳ ಸಂಬಳ 21,000 ರೂಪಾಯಿವರೆಗಿನವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಕಾರ್ಡ್ ಕೇಳಿ ತೆಗೆದುಕೊಳ್ಳಿ. ಒಬ್ಬರಿಗೆ ಎಷ್ಟು ಕುದುರೆ, ವಾರದ ರಜೆ ಯಾವಾಗ, ಇರಲು ಜಾಗ ಹೇಗಿದೆ, ಇವನ್ನೂ ಕೇಳಿ.

ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಳ್ಳದೆ ಲಾಯಕ್ಕೆ ಕಾಲಿಡಬೇಡಿ. ಗಟ್ಟಿ ಬೂಟು ಬೇಕು, ಚಪ್ಪಲಿ ಬೇಡ. ಕುದುರೆ ಏರುವಾಗಲೆಲ್ಲ ಹೆಲ್ಮೆಟ್. ಗ್ಲ್ಯಾಂಡರ್ಸ್ ಎಂಬ ಕಾಯಿಲೆ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ಮೂಗಿನಿಂದ ಗಟ್ಟಿ ಸಿಂಬಳ, ಚರ್ಮದ ಮೇಲೆ ಒಡೆದ ಗಂಟು ಕಂಡರೆ ಬರಿಗೈಯಲ್ಲಿ ಮುಟ್ಟದೆ ಡಾಕ್ಟರ್‌ಗೆ ತಿಳಿಸಿ. ಕೆಲಸ ಕೊಡಿಸುತ್ತೇನೆ ಎಂದು ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಹಂತ 9: ಹೊರದೇಶಕ್ಕೆ ಹೋಗುವವರಿಗೆ

ದುಬೈ, ಸೌದಿ, ಕತಾರ್‌ನ ಲಾಯಗಳಲ್ಲಿ ನಮ್ಮ ದೇಶದ ಸೈಸ್‌ಗಳು ಬಹಳ ಜನ ಇದ್ದಾರೆ. ಇಲ್ಲಿ ಎರಡು ಮೂರು ವರ್ಷ ಕೆಲಸ ಮಾಡಿ, ಟ್ರೇನರ್‌ರಿಂದ ಅನುಭವದ ಪತ್ರ ಪಡೆದು ಹೋದರೆ ಸಂಬಳ ಮಾತನಾಡುವ ಶಕ್ತಿ ಇರುತ್ತದೆ. ಓದಿದವರಿಗೆ ಬ್ರಿಟಿಷ್ ಹಾರ್ಸ್ ಸೊಸೈಟಿಯ ಹಂತ ಹಂತದ ಪರೀಕ್ಷೆಗಳು, ಐರಿಷ್ ನ್ಯಾಷನಲ್ ಸ್ಟಡ್‌ನ ತಳಿ ಸಾಕಣೆ ಕೋರ್ಸ್ ಇವೆ. ಗೊಡಾಲ್ಫಿನ್ ಫ್ಲೈಯಿಂಗ್ ಸ್ಟಾರ್ಟ್ ಅನ್ನುವುದು ರೇಸ್ ಕುದುರೆ ಉದ್ಯಮಕ್ಕೆ ತಯಾರು ಮಾಡುವ ಎರಡು ವರ್ಷದ ತರಬೇತಿ. ಆಯ್ಕೆಯಾದರೆ ಖರ್ಚು ಅವರದೇ, ಆದರೆ ಪೈಪೋಟಿ ಜೋರು.

ಏಜೆಂಟ್ ಮೂಲಕ ಹೋಗುವುದಾದರೆ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ನೋಂದಣಿ ಸಂಖ್ಯೆ ಹಾಕಿ ನೋಡಿ. ನೋಂದಾಯಿತ ಏಜೆಂಟ್ ಕಾನೂನಿನ ಪ್ರಕಾರ ತೆಗೆದುಕೊಳ್ಳಬಹುದಾದ ಫೀಸು ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. ಒಂದೂವರೆ ಲಕ್ಷ, ಎರಡು ಲಕ್ಷ ಕೇಳಿದರೆ ಎದ್ದು ಬನ್ನಿ. "ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಅನ್ನುವವರನ್ನು ನಂಬಬೇಡಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ಗೆ ಗಲ್ಫ್ ದೇಶಗಳಿಗೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗಲು ಸರ್ಕಾರದ ಒಪ್ಪಿಗೆ, ಬೇಕು. ಅವರು ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯನ್ನೂ ಮಾಡಿಸಬೇಕು. ಒಪ್ಪಂದದ ಪತ್ರದಲ್ಲಿ ಕೆಲಸದ ಹೆಸರು ಕುದುರೆ ಆರೈಕೆ ಅಂತಲೇ ಇದೆಯಾ, ಸಂಬಳ ಆ ದೇಶದ ಹಣದಲ್ಲಿ ಎಷ್ಟು, ಮರಳಿ ಬರುವ ಟಿಕೆಟ್ ಯಾರದು ಎಂದು ಓದಿ. ಓದಲು ಬಾರದ ಭಾಷೆಯಲ್ಲಿದ್ದರೆ ಗೊತ್ತಿರುವವರಿಂದ ಓದಿಸಿಕೊಂಡ ಮೇಲೆಯೇ ಸಹಿ ಹಾಕಿ. ಅದರ ಒಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗಿ.